ಜಾಲತಾಣದ ಚೆಲುವು ಮತ್ತು ಯಂತ್ರದ ಓದು

ಹಿಂದೆ ಒಂದು ಸಂಸ್ಥೆಯ ಪರಿಚಯ ಬೇಕಾದವರು ಅದರ ಬಾಗಿಲಿಗೇ ಬರುತ್ತಿದ್ದರು. ಇಲ್ಲವೇ ಬಲ್ಲ ಹಿರಿಯರೊಬ್ಬರನ್ನು ಕೇಳಿ ತಿಳಿಯುತ್ತಿದ್ದರು. ಇಂದಿಗೂ ಜನ ಕೇಳುವ ಪ್ರಶ್ನೆಗಳು ಅವೇ. ಉತ್ತರ ಹೇಳುವವರು ಮಾತ್ರ ಬದಲಾಗಿದ್ದಾರೆ. ಮಗನನ್ನು ಯಾವ ವಿದ್ಯಾರ್ಥಿನಿಲಯಕ್ಕೆ ಸೇರಿಸಬೇಕು, ಇಳಕಲ್ ಸೀರೆಯನ್ನು ನೇಕಾರರಿಂದಲೇ ಕೊಳ್ಳುವುದು ಹೇಗೆ, ಇಂಥ ಊರಿನ ಕಲ್ಯಾಣಮಂಟಪದಲ್ಲಿ ಒಮ್ಮೆಗೆ ಎಷ್ಟು ಜನ ಪಂಕ್ತಿಯಲ್ಲಿ ಕುಳಿತು ಉಣ್ಣಬಹುದು ಎಂಬಂಥ ಪ್ರಶ್ನೆಗಳನ್ನು ಮನೆಯ ತರುಣರು ಮೊಬೈಲಿನಲ್ಲಿ ಕೃತಕ ಬುದ್ಧಿಮತ್ತೆಗೆ ಕೇಳುತ್ತಾರೆ. ಅದು ಹಲವು ಜಾಲತಾಣಗಳನ್ನು ನೋಡಿ ನಾಲ್ಕಾರು ಸಾಲುಗಳ ಉತ್ತರವನ್ನು ಕೊಡುತ್ತದೆ. ಕೇಳಿದವರಲ್ಲಿ ಬಹುಮಂದಿ ಆ ಸಾಲುಗಳನ್ನು ದಾಟಿ ಮುಂದಕ್ಕೆ ಹೋಗುವುದಿಲ್ಲ.

ಆದುದರಿಂದ ಸಂಘಸಂಸ್ಥೆಗಳನ್ನು ನಡೆಸುವ ಹಿರಿಯರ ಮುಂದೆಯೂ ಸ್ವಂತ ಉದ್ಯೋಗ ಮಾಡುವ ಕುಟುಂಬಗಳ ಮುಂದೆಯೂ ಒಂದು ಹೊಸ ಪ್ರಶ್ನೆ ನಿಂತಿದೆ. ಜಾಲತಾಣವನ್ನು ಕಟ್ಟಲು ಯಾವ ಸಾಧನವನ್ನು ಆರಿಸಿಕೊಳ್ಳಬೇಕು? ನೋಡಿದವರ ಕಣ್ಣು ತಣಿಯುವಂತೆ ಪುಟಗಳನ್ನು ಸಿಂಗರಿಸಿಕೊಡುವ ಸಾಧನವನ್ನೋ, ಕೃತಕ ಬುದ್ಧಿಮತ್ತೆಯ ಉತ್ತರಗಳಲ್ಲಿ ನಮ್ಮ ಹೆಸರು ಕಾಣಿಸಿಕೊಳ್ಳಲು ನೆರವಾಗುವ ಸಾಧನವನ್ನೋ? ಮಾರಾಟಗಾರರು ಇವೆರಡನ್ನೂ ಬೇರೆ ಬೇರೆ ಸರಕುಗಳೆಂಬಂತೆ ಮುಂದಿಡುತ್ತಿದ್ದಾರೆ. ಇವು ನಿಜವಾಗಿಯೂ ಪರಸ್ಪರ ವಿರುದ್ಧವೇ ಎಂಬುದನ್ನು ಶಾಂತವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಇದು ಕೇವಲ ತಾಂತ್ರಿಕ ವಿಷಯವೆಂದು ಬದಿಗಿಡುವಂತಿಲ್ಲ. ವಿದ್ಯಾರ್ಥಿನಿಲಯದ ಪ್ರವೇಶಕ್ಕೆ ಅರ್ಜಿ ಸಲ್ಲಿಸುವ ಕೊನೆಯ ದಿನವನ್ನು ಜಾಲತಾಣವು ಯಂತ್ರಕ್ಕೆ ತಿಳಿಯುವಂತೆ ಹೇಳದಿದ್ದರೆ, ಯಂತ್ರವು ಹೋದ ವರ್ಷದ ದಿನಾಂಕವನ್ನೋ ಬೇರೆಲ್ಲಿಯೋ ಕಂಡ ತಪ್ಪು ಸುದ್ದಿಯನ್ನೋ ನಿಸ್ಸಂಕೋಚವಾಗಿ ಹೇಳಿಬಿಡಬಹುದು. ಅದನ್ನು ನಂಬಿದ ಹಳ್ಳಿಯ ವಿದ್ಯಾರ್ಥಿಗೆ ಒಂದು ಇಡೀ ವರ್ಷವೇ ಕೈತಪ್ಪಬಹುದು. ನಾವು ನಮ್ಮ ಬಗ್ಗೆ ಸ್ಪಷ್ಟವಾಗಿ ಹೇಳದೆ ಹೋದರೆ, ಅನ್ಯರು ಹೇಳಿದ್ದೇ ನಮ್ಮ ಪರಿಚಯವಾಗಿ ಉಳಿಯುತ್ತದೆ.

ಹಿನ್ನೆಲೆ

ಜಿನೀವಾ ನಗರದ ಬಳಿಯಿರುವ ಸರ್ನ್ ಸಂಶೋಧನ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು ೧೯೮೯ರಲ್ಲಿ ವಿಶ್ವವ್ಯಾಪಿ ಜಾಲದ ಯೋಜನೆಯನ್ನು ಮಂಡಿಸಿದರು. ೧೯೯೧ರಲ್ಲಿ ಅದು ಹೊರಜಗತ್ತಿಗೆ ತೆರೆದುಕೊಂಡಿತು. ೧೯೯೩ರ ಏಪ್ರಿಲ್ ೩೦ರಂದು ಸರ್ನ್ ಸಂಸ್ಥೆಯು ಅದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಘೋಷಿಸಿತು. ಆ ಮೊದಲ ಪುಟಗಳಲ್ಲಿ ಸಿಂಗಾರವೆಂಬುದೇ ಇರಲಿಲ್ಲ. ಒಂದು ಶೀರ್ಷಿಕೆ, ಕೆಲವು ಪರಿಚ್ಛೇದಗಳು, ಮತ್ತೊಂದು ಪುಟಕ್ಕೆ ಕರೆದೊಯ್ಯುವ ಕೊಂಡಿಗಳು, ಇಷ್ಟೇ.

ಬಣ್ಣ, ಅಕ್ಷರದ ಗಾತ್ರ, ಪುಟದ ಜೋಡಣೆ ಇವೆಲ್ಲ ಬಂದದ್ದು ಅನಂತರ. ನಾರ್ವೆ ದೇಶದ ಹೋಕನ್ ವಿಯುಮ್ ಲೀ ಅವರು ೧೯೯೪ರಲ್ಲಿ ಸೂಚಿಸಿದ ಸಿಎಸ್‌ಎಸ್ ಎಂಬ ಪದ್ಧತಿಗೆ ೧೯೯೬ರ ಡಿಸೆಂಬರಿನಲ್ಲಿ ಮಾನ್ಯತೆ ದೊರೆಯಿತು. ಇದರ ಮೂಲತತ್ತ್ವ ಗಮನಾರ್ಹವಾದುದು: ಮಾತು ಬೇರೆ, ಮಾತಿಗೆ ತೊಡಿಸುವ ಉಡುಗೆ ಬೇರೆ, ಎರಡನ್ನೂ ಪ್ರತ್ಯೇಕವಾಗಿ ಬರೆದಿಡಬೇಕು. ಉಡುಗೆಯನ್ನು ಬದಲಿಸಿದರೂ ಮಾತು ಕೆಡಬಾರದು. ಮುಂದಿನ ಚರ್ಚೆಗೆಲ್ಲ ಈ ತತ್ತ್ವವೇ ಆಧಾರ.

ಸಂಕೇತಭಾಷೆಯನ್ನು ಅರಿಯದವರೂ ಜಾಲತಾಣವನ್ನು ಕಟ್ಟಿಕೊಳ್ಳಲೆಂದು ಹಲವು ಸಾಧನಗಳು ಹುಟ್ಟಿದವು. ಇವನ್ನೇ ವೆಬ್‌ಸೈಟ್ ಬಿಲ್ಡರ್ ಎಂದು ಕರೆಯುತ್ತಾರೆ. ೨೦೦೩ರಲ್ಲಿ ವರ್ಡ್‌ಪ್ರೆಸ್ ಬಂದಿತು. ಡಬ್ಲ್ಯು೩ಟೆಕ್ಸ್ ಸಂಸ್ಥೆಯ ಎಣಿಕೆಯಂತೆ ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ೪೦ಕ್ಕೂ ಮಿಗಿಲಾದವು ಅದರ ಮೇಲೆಯೇ ನಿಂತಿವೆ. ಅದೇ ೨೦೦೩ರಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬರು ಸ್ಕ್ವೇರ್‌ಸ್ಪೇಸನ್ನು ಆರಂಭಿಸಿದರು. ೨೦೦೬ರಲ್ಲಿ ಇಸ್ರೇಲಿನಲ್ಲಿ ವಿಕ್ಸ್, ೨೦೧೩ರಲ್ಲಿ ಅಮೆರಿಕದಲ್ಲಿ ವೆಬ್‌ಫ್ಲೋ ಹುಟ್ಟಿದವು. ಹಲಗೆಯ ಮೇಲೆ ಚಿತ್ರಗಳನ್ನು ಜೋಡಿಸುವಂತೆ ಪುಟವನ್ನು ಜೋಡಿಸುವ ಅನುಕೂಲವನ್ನು ಇವು ಸಾಮಾನ್ಯರಿಗೂ ಒದಗಿಸಿಕೊಟ್ಟವು.

ಉತ್ತರ ಹೇಳುವ ಯಂತ್ರಗಳು ತೀರ ಈಚಿನವು. ಚಾಟ್‌ಜಿಪಿಟಿ ೨೦೨೨ರ ನವೆಂಬರ್ ೩೦ರಂದು ಬಂದಿತು. ಜಾಲವನ್ನು ಹುಡುಕಿ ಉತ್ತರಿಸುವ ಸೌಕರ್ಯವು ೨೦೨೪ರ ಅಕ್ಟೋಬರಿನಲ್ಲಿ ಅದಕ್ಕೆ ಕೂಡಿತು. ಗೂಗಲ್ ಸಂಸ್ಥೆಯು ಹುಡುಕಾಟದ ಪುಟದ ಮೇಲ್ಭಾಗದಲ್ಲಿಯೇ ಯಂತ್ರ ಬರೆದ ಸಾರಾಂಶವನ್ನು ತೋರಿಸುವ ಪದ್ಧತಿಯನ್ನು ೨೦೨೪ರ ಮೇ ತಿಂಗಳಲ್ಲಿ ಅಮೆರಿಕದಲ್ಲಿಯೂ ಅದೇ ವರ್ಷದ ಆಗಸ್ಟಿನಲ್ಲಿ ಭಾರತದಲ್ಲಿಯೂ ಆರಂಭಿಸಿತು. ಪ್ರಶ್ನೋತ್ತರದ ರೂಪದಲ್ಲಿ ಹುಡುಕುವ ಅದರ ಎಐ ಮೋಡ್ ೨೦೨೫ರಲ್ಲಿ ಕನ್ನಡದಲ್ಲಿಯೂ ದೊರೆಯತೊಡಗಿತು.

ಚೆಲುವಿನ ಪಕ್ಷದ ಮಾತು

ನೋಟಕ್ಕೆ ಚೆನ್ನಾಗಿರಬೇಕೆಂಬ ಬಯಕೆಯನ್ನು ಹಗುರವಾಗಿ ಕಾಣಬಾರದು. ೨೦೦೨ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ೨೬೮೪ ಜನರ ಅಭಿಪ್ರಾಯಗಳನ್ನು ಸಂಗ್ರಹಿಸಿ, ಜನರು ಒಂದು ಜಾಲತಾಣವನ್ನು ನಂಬುವುದು ಯಾವ ಆಧಾರದಿಂದ ಎಂದು ಪರೀಕ್ಷಿಸಿದರು. ಜನರು ಬರೆದ ಅಭಿಪ್ರಾಯಗಳಲ್ಲಿ ನೂರಕ್ಕೆ ೪೬ರಷ್ಟು ಪುಟದ ನೋಟ ಮತ್ತು ವಿನ್ಯಾಸಗಳನ್ನೇ ಕುರಿತಿದ್ದವು. ಒಳಗಿನ ವಿಷಯ ಸತ್ಯವೇ ಎಂದು ವಿಚಾರಿಸುವ ಮುನ್ನವೇ ಕಣ್ಣು ತೀರ್ಪು ಕೊಟ್ಟುಬಿಡುತ್ತದೆ.

ಸೀರೆಯ ಅಂಚು ಸೆರಗುಗಳ ಸೊಗಸನ್ನು ತೋರಿಸದೆ ಸೀರೆಯನ್ನು ಮಾರಲಾಗದು. ಮಂಟಪದ ವಿಶಾಲತೆಯನ್ನು ಚಿತ್ರವಿಲ್ಲದೆ ವರ್ಣಿಸಿದರೆ ಯಾರಿಗೂ ತೃಪ್ತಿಯಾಗದು. ಪುಟವು ಗಜಿಬಿಜಿಯಾಗಿದ್ದರೆ, ಮೊಬೈಲಿನ ಕಿರುತೆರೆಯಲ್ಲಿ ಅಕ್ಷರಗಳು ಒಂದರ ಮೇಲೊಂದು ಬಿದ್ದರೆ, ಬಂದವರು ಕ್ಷಣದಲ್ಲಿ ಹಿಂದಿರುಗುತ್ತಾರೆ. ಕೊನೆಗೆ ಹಣ ಕೊಡುವವರೂ ಮಗುವನ್ನು ಶಾಲೆಗೆ ಸೇರಿಸುವವರೂ ಮನುಷ್ಯರೇ ಹೊರತು ಯಂತ್ರವಲ್ಲ. ಈ ಪಕ್ಷದ ವಾದದಲ್ಲಿ ಇಷ್ಟು ಸತ್ಯವುಂಟು.

ಆದರೆ ಬರುವವರು ಬಂದ ಮೇಲಿನ ಮಾತಾಯಿತು ಇದು. ಬರುವ ದಾರಿಯೇ ಕಿರಿದಾಗುತ್ತಿದೆ. ಅಮೆರಿಕದ ಪ್ಯೂ ಸಂಶೋಧನ ಕೇಂದ್ರವು ೨೦೨೫ರ ಮಾರ್ಚಿನಲ್ಲಿ ಸುಮಾರು ೯೦೦ ಜನರ ಹುಡುಕಾಟಗಳನ್ನು ಗಮನಿಸಿತು. ಯಂತ್ರದ ಸಾರಾಂಶವಿಲ್ಲದ ಪುಟಗಳಲ್ಲಿ ನೂರಕ್ಕೆ ೧೫ ಸಲ ಜನ ಯಾವುದಾದರೊಂದು ಕೊಂಡಿಯನ್ನು ಒತ್ತಿ ಮುಂದೆ ಹೋಗಿದ್ದರು. ಸಾರಾಂಶವಿದ್ದ ಪುಟಗಳಲ್ಲಿ ೮ ಸಲ ಮಾತ್ರ. ಸಾರಾಂಶದ ಒಳಗಿನ ಕೊಂಡಿಯನ್ನು ಒತ್ತಿದ್ದು ನೂರಕ್ಕೆ ಒಂದು ಸಲ. ಇದು ಪರದೇಶದ ಲೆಕ್ಕವಾದರೂ ಗಾಳಿ ಬೀಸುವ ದಿಕ್ಕನ್ನು ತೋರಿಸುತ್ತದೆ. ನಮ್ಮ ಚೆಲುವಾದ ಪುಟವನ್ನು ಕಾಣದೆಯೇ ನಮ್ಮ ಬಗ್ಗೆ ಅಭಿಪ್ರಾಯ ತಳೆಯುವವರು ಹೆಚ್ಚುತ್ತಾರೆ.

ಯಂತ್ರವು ಓದುವ ಬಗೆ

ಹಾಗಾದರೆ ಯಂತ್ರವು ಪುಟವನ್ನು ಓದುವುದು ಹೇಗೆ? ಈ ಸಂಸ್ಥೆಗಳು ತಮ್ಮ ಪರವಾಗಿ ಜಾಲವನ್ನೆಲ್ಲ ಸುತ್ತುವ ತಂತ್ರಾಂಶಗಳನ್ನು ಕಳುಹಿಸುತ್ತವೆ. ಇವಕ್ಕೆ ಕ್ರಾಲರ್ ಎಂದು ಹೆಸರು. ಪುಟದ ಬಣ್ಣ, ತೇಲಿಬರುವ ಚಿತ್ರ, ಅಕ್ಷರಗಳ ನರ್ತನ ಇವು ಅವಕ್ಕೆ ಬೇಕಿಲ್ಲ. ಪುಟದ ಹಿಂದಿರುವ ಎಚ್‌ಟಿಎಂಎಲ್ ಬರಹವನ್ನು ಅವು ತೆಗೆದುಕೊಳ್ಳುತ್ತವೆ. ಶೀರ್ಷಿಕೆ ಯಾವುದು, ಉಪಶೀರ್ಷಿಕೆ ಯಾವುದು, ಯಾವ ಮಾತು ಯಾವುದರ ಕೆಳಗೆ ಬರುತ್ತದೆ ಎಂಬುದು ಅವಕ್ಕೆ ಅಲ್ಲಿಂದ ತಿಳಿಯುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕೆಲವು ಪುಟಗಳ ಮಾತೆಲ್ಲ ಮೊದಲೇ ಬರಹದಲ್ಲಿರುತ್ತದೆ. ಇನ್ನು ಕೆಲವು ಪುಟಗಳು ಬರಿದಾದ ಚೌಕಟ್ಟಿನಂತೆ ಬರುತ್ತವೆ. ಓದುಗನ ಗಣಕಯಂತ್ರದಲ್ಲಿ ಜಾವಾಸ್ಕ್ರಿಪ್ಟ್ ಎಂಬ ಸಂಕೇತವು ಓಡಿದ ಮೇಲೆಯೇ ಮಾತು ಮೂಡುತ್ತದೆ. ಮನುಷ್ಯನ ಕಣ್ಣಿಗೆ ಎರಡೂ ಒಂದೇ. ಆದರೆ ವರ್ಸೆಲ್ ಎಂಬ ಸಂಸ್ಥೆಯು ೨೦೨೪ರ ಡಿಸೆಂಬರಿನಲ್ಲಿ ಪ್ರಕಟಿಸಿದ ಪರಿಶೀಲನೆಯಂತೆ, ಗೂಗಲ್ಲಿನ ಕ್ರಾಲರ್ ಈ ಸಂಕೇತವನ್ನು ಓಡಿಸಿ ಪುಟವನ್ನು ಪೂರ್ಣವಾಗಿ ಕಾಣುತ್ತದೆ. ಓಪನ್‌ಎಐ, ಆಂಥ್ರೋಪಿಕ್, ಪರ್‌ಪ್ಲೆಕ್ಸಿಟಿ ಮೊದಲಾದವುಗಳ ಕ್ರಾಲರ್‌ಗಳು ಅದನ್ನು ಓಡಿಸುತ್ತಿರಲಿಲ್ಲ. ಅಂಥ ಕ್ರಾಲರ್‌ಗೆ ಕಾಣುವುದು ಬರಿದಾದ ಚೌಕಟ್ಟು ಮಾತ್ರ.

ತಾಳೆಗರಿಯ ಹಸ್ತಪ್ರತಿಗಳೊಡನೆ ಬದುಕು ಕಳೆದ ನಮ್ಮಂಥವರಿಗೆ ಇದು ಹೊಸ ಮಾತಲ್ಲ. ಹೊರಹಲಗೆಯ ಮೇಲೆ ಎಷ್ಟೇ ಸೊಗಸಾದ ಚಿತ್ರವಿದ್ದರೂ ಗರಿಗಳಲ್ಲಿ ಅಕ್ಷರ ಮಾಸಿಹೋಗಿದ್ದರೆ ಆ ಗ್ರಂಥವನ್ನು ಸೂಚಿಯಲ್ಲಿ ಯಾವ ಹೆಸರಿನಲ್ಲಿ ದಾಖಲಿಸುವುದು? ಗ್ರಂಥದ ಹೆಸರು, ಕರ್ತೃ, ಲಿಪಿಕಾರ, ಬರೆದ ಕಾಲ ಇವು ಕೊನೆಯ ಗರಿಯಲ್ಲಿ ಸ್ಪಷ್ಟವಾಗಿದ್ದ ಪ್ರತಿಯು ಶತಮಾನಗಳ ಅನಂತರವೂ ತನ್ನ ಗುರುತನ್ನು ತಾನೇ ಹೇಳಿಕೊಳ್ಳುತ್ತದೆ.

ಫ್ಲ್ಯಾಶ್ ಕಲಿಸಿದ ಪಾಠ

ಚೆಲುವೊಂದನ್ನೇ ನಂಬಿದವರಿಗೆ ಏನಾಯಿತೆಂಬುದಕ್ಕೆ ಜಾಲದ ಇತಿಹಾಸದಲ್ಲಿಯೇ ನಿದರ್ಶನವಿದೆ. ೧೯೯೬ರಲ್ಲಿ ಬಂದ ಫ್ಲ್ಯಾಶ್ ಎಂಬ ತಂತ್ರಾಂಶವು ಪುಟಗಳಿಗೆ ಚಲನೆಯನ್ನೂ ಧ್ವನಿಯನ್ನೂ ಕೊಟ್ಟಿತು. ಬಹು ಸಂಸ್ಥೆಗಳು ಇಡೀ ಜಾಲತಾಣವನ್ನೇ ಅದರಲ್ಲಿ ಕಟ್ಟಿಸಿದವು. ಬಾಗಿಲು ತೆರೆಯುವಂತೆ ಪುಟ ತೆರೆಯುತ್ತಿತ್ತು, ಸಂಗೀತ ಕೇಳಿಸುತ್ತಿತ್ತು. ಆದರೆ ಒಳಗಿನ ಮಾತುಗಳು ಒಂದು ಮುಚ್ಚಿದ ಪೆಟ್ಟಿಗೆಯಲ್ಲಿದ್ದಂತಿದ್ದು, ಹುಡುಕುವ ಯಂತ್ರಗಳಿಗೆ ಬಹುಕಾಲ ಸರಿಯಾಗಿ ದೊರೆಯಲೇ ಇಲ್ಲ. ವಿಕ್ಸ್ ಸಾಧನವೂ ಆರಂಭದಲ್ಲಿ ಫ್ಲ್ಯಾಶ್ ಮೇಲೆಯೇ ನಿಂತಿದ್ದು, ೨೦೧೨ರಲ್ಲಿ ಎಚ್‌ಟಿಎಂಎಲ್೫ ಪದ್ಧತಿಗೆ ಬಂದಿತು. ೨೦೨೦ರ ಡಿಸೆಂಬರ್ ೩೧ಕ್ಕೆ ಅಡೋಬಿ ಸಂಸ್ಥೆಯು ಫ್ಲ್ಯಾಶ್‌ಗೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಅದನ್ನೇ ನಂಬಿ ಬದಲಾಗದೆ ಉಳಿದ ಪುಟಗಳು ಕಣ್ಣಿಗೂ ಕಾಣದಂತಾದವು. ೧೯೯೧ರ ಸರಳ ಪುಟವನ್ನು ಇಂದಿನ ಮೊಬೈಲಿನಲ್ಲಿಯೂ ಓದಬಹುದು!

ಈ ಪಾಠವು ಇಂದಿಗೂ ಹಳತಾಗಿಲ್ಲ. ಮಾತಿನಲ್ಲಿ ಹೇಳಿದರೆ ಸಾಕು, ಇಡೀ ಜಾಲತಾಣವನ್ನೇ ಕಟ್ಟಿಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಈಗ ಬಂದಿವೆ. ಅವು ಕಟ್ಟುವ ಪುಟಗಳು ನೋಟಕ್ಕೆ ಮನೋಹರವಾಗಿರುತ್ತವೆ. ಆದರೆ ಅವುಗಳಲ್ಲಿ ಹಲವು, ಮೇಲೆ ಹೇಳಿದ ಬರಿದಾದ ಚೌಕಟ್ಟಿನ ಪದ್ಧತಿಯಲ್ಲಿ ಇರುವುದುಂಟು. ಯಂತ್ರವೇ ಕಟ್ಟಿದ ಪುಟವನ್ನು ಯಂತ್ರವೇ ಓದಲಾರದೆ ಹೋಗುವ ವಿಚಿತ್ರವಿದು.

ಕನ್ನಡದ ಅಕ್ಷರಕ್ಕಿರುವ ತೊಡಕು

ಕನ್ನಡದಲ್ಲಿ ಜಾಲತಾಣ ನಡೆಸುವವರು ಗಮನಿಸಬೇಕಾದ ವಿಶೇಷ ಸಂಗತಿಯೊಂದಿದೆ. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡ ಲಿಪಿಗೆ ಸ್ಥಾನವಿತ್ತು. ಆದರೂ ಗಣಕಯಂತ್ರಗಳಲ್ಲಿ ಅದರ ಬಳಕೆ ವ್ಯಾಪಕವಾಗಲು ಬಹಳ ವರ್ಷಗಳು ಬೇಕಾದವು. ಆ ನಡುವಿನ ಕಾಲದಲ್ಲಿ ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳು ಕನ್ನಡದ ಬರವಣಿಗೆಯನ್ನು ಉಳಿಸಿ ಬೆಳೆಸಿದವು. ಆ ಋಣವನ್ನು ಮರೆಯಲಾಗದು. ಆದರೆ ಆ ಫಾಂಟುಗಳಲ್ಲಿ ಕನ್ನಡದ ಅಕ್ಷರರೂಪಗಳು ಇಂಗ್ಲಿಷ್ ಮೊದಲಾದ ಅನ್ಯ ಅಕ್ಷರಗಳ ಸ್ಥಾನಗಳಲ್ಲಿ ಕುಳಿತಿದ್ದವು. ಕಣ್ಣಿಗೆ ‘ಕಲ್ಯಾಣ’ ಎಂದು ಕಂಡರೂ ಯಂತ್ರದ ಪಾಲಿಗೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ.

ಇಂದಿಗೂ ಅನೇಕ ಸಂಸ್ಥೆಗಳ ಸ್ಮರಣಸಂಚಿಕೆ, ವಾರ್ಷಿಕ ವರದಿ, ಪ್ರವೇಶ ಪ್ರಕಟಣೆಗಳು ಮುದ್ರಣಾಲಯದಲ್ಲಿ ಆ ಹಳೆಯ ಫಾಂಟುಗಳಲ್ಲಿಯೇ ಸಿದ್ಧವಾಗುತ್ತವೆ. ಅವನ್ನು ಹಾಗೆಯೇ ಪಿಡಿಎಫ್ ಮಾಡಿಯೋ ಛಾಯಾಚಿತ್ರ ತೆಗೆದೋ ಜಾಲತಾಣಕ್ಕೆ ಏರಿಸುತ್ತಾರೆ. ಕರಪತ್ರದ ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ ಶಕ್ತಿ ಇಂದಿನ ಯಂತ್ರಗಳಿಗೆ ಇದೆಯಾದರೂ, ಜಾಲವನ್ನು ಸುತ್ತುವ ಕ್ರಾಲರ್ ಪ್ರತಿಯೊಂದು ಚಿತ್ರವನ್ನೂ ಹಾಗೆ ಓದುತ್ತದೆಂದು ನಂಬಿ ಕೂರುವಂತಿಲ್ಲ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳು ಸುಲಭವಾಗಿ ದೊರೆಯುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ದೀರ್ಘ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಿಟ್ಟು ತಿದ್ದಬೇಕು. ಈ ಒಂದು ಕೆಲಸದಿಂದ ಆಗುವ ಪ್ರಯೋಜನವು ಸಾವಿರಾರು ರೂಪಾಯಿ ವೆಚ್ಚದ ಹೊಸ ವಿನ್ಯಾಸದಿಂದಲೂ ಆಗದು.

ಚಿತ್ರಗಳ ಜೊತೆಗೆ ವಿವರಣೆಯ ಸಾಲನ್ನು ಬರೆಯುವ ಅವಕಾಶವನ್ನು ಎಲ್ಲ ಪ್ರಮುಖ ಸಾಧನಗಳೂ ಕೊಡುತ್ತವೆ. ೧೯೯೯ರಲ್ಲಿ ಪ್ರಕಟವಾದ ಜಾಲದ ಸುಗಮತೆಯ ಮಾರ್ಗಸೂಚಿಗಳಲ್ಲಿಯೇ ಇದನ್ನು ವಿಧಿಸಲಾಗಿತ್ತು. ಅದರ ಉದ್ದೇಶ ಯಂತ್ರಸೇವೆಯಲ್ಲ. ಕಣ್ಣು ಕಾಣದ ಬಂಧುಗಳಿಗೆ ಚಿತ್ರದ ವಿಷಯವನ್ನು ಧ್ವನಿಯ ಮೂಲಕ ತಿಳಿಸುವುದು. ಅವರಿಗಾಗಿ ಮಾಡಿದ ಕೆಲಸವು ಯಂತ್ರಕ್ಕೂ ಅರ್ಥವಾಗುತ್ತದೆ.

ಯಾವ ಸಾಧನ ಯಾರಿಗೆ?

ವಿಕ್ಸ್, ಸ್ಕ್ವೇರ್‌ಸ್ಪೇಸ್, ವೆಬ್‌ಫ್ಲೋ, ವರ್ಡ್‌ಪ್ರೆಸ್ ಈ ನಾಲ್ಕೂ ಪುಟದ ಮುಖ್ಯ ಬರಹವನ್ನು ಎಚ್‌ಟಿಎಂಎಲ್ ರೂಪದಲ್ಲಿಯೇ ಕಳುಹಿಸಬಲ್ಲವು. ಆದುದರಿಂದ ‘ಈ ಸಾಧನ ಕೊಂಡರೆ ಮಾತ್ರ ಕೃತಕ ಬುದ್ಧಿಮತ್ತೆ ನಿಮ್ಮನ್ನು ಕಾಣುತ್ತದೆ’ ಎಂಬ ಮಾತಿಗೆ ಮರುಳಾಗಬೇಕಾಗಿಲ್ಲ. ಅವುಗಳ ಭೇದವಿರುವುದು ಬೇರೆಡೆ.

ಸ್ಕ್ವೇರ್‌ಸ್ಪೇಸ್ ಸಿದ್ಧ ವಿನ್ಯಾಸಗಳ ಅಚ್ಚುಕಟ್ಟಿಗೆ ಹೆಸರಾದುದು. ವಿಕ್ಸ್‌ನಲ್ಲಿ ಜೋಡಣೆ ಸುಲಭ. ಅನುಭವವಿಲ್ಲದವರೂ ಬೇಗ ಕಲಿಯಬಹುದು. ವೆಬ್‌ಫ್ಲೋ ವಿನ್ಯಾಸಕಾರನ ಕೈಗೆ ಹೆಚ್ಚು ಸ್ವಾತಂತ್ರ್ಯವನ್ನು ಕೊಡುತ್ತದೆ. ಅದನ್ನು ಬಳಸುವವನಿಗೆ ತಿಳಿವಳಿಕೆಯೂ ಅಷ್ಟೇ ಬೇಕು. ವರ್ಡ್‌ಪ್ರೆಸ್ ಮುಕ್ತ ತಂತ್ರಾಂಶ. ಬರಹ ಹೆಚ್ಚಾಗಿರುವ, ಹಲವರು ಸೇರಿ ನಡೆಸುವ ತಾಣಕ್ಕೆ ಅದು ಒಗ್ಗುತ್ತದೆ. ಆದರೆ ಅದನ್ನು ಕಾಲಕಾಲಕ್ಕೆ ನವೀಕರಿಸುವ, ಕಳ್ಳರಿಂದ ಕಾಯುವ ಹೊಣೆ ನಮ್ಮದೇ.

ಇನ್ನೊಂದು ಭೇದವು ದೀರ್ಘಕಾಲದ್ದು. ನಾಳೆ ಆ ಸಾಧನವನ್ನು ಬಿಡಬೇಕಾಗಿ ಬಂದರೆ ನಮ್ಮ ಬರಹವನ್ನು ಹೊತ್ತು ತರಬಹುದೇ? ವರ್ಡ್‌ಪ್ರೆಸ್‌ನಿಂದ ಎಲ್ಲವನ್ನೂ ತರಬಹುದು. ವೆಬ್‌ಫ್ಲೋದಿಂದ ಹಣ ತೆತ್ತವರು ಪುಟಗಳ ಸಂಕೇತವನ್ನು ಹೊರತರಬಹುದು. ಸ್ಕ್ವೇರ್‌ಸ್ಪೇಸ್‌ನಿಂದ ಕೆಲವು ಬಗೆಯ ಪುಟಗಳಷ್ಟೇ ಬರುತ್ತವೆ. ವಿಕ್ಸ್‌ನಲ್ಲಿ ಕಟ್ಟಿದ ತಾಣವನ್ನು ಹಾಗೆಯೇ ಎತ್ತಿ ಬೇರೆಡೆ ನಡೆಸುವಂತಿಲ್ಲ. ಬಾಡಿಗೆಯ ಮನೆಗೂ ಸ್ವಂತ ಮನೆಗೂ ಇರುವ ಭೇದದಂತೆ ಇದನ್ನು ತಿಳಿಯಬೇಕು. ಸಾಧನ ಯಾವುದಾದರೂ ಸರಿ, ಜಾಲತಾಣದ ಹೆಸರು, ಅಂದರೆ ಡೊಮೈನ್, ಸಂಸ್ಥೆಯ ಹೆಸರಿನಲ್ಲಿಯೇ ನೋಂದಣಿಯಾಗಿರಲಿ. ಕಟ್ಟಿಕೊಟ್ಟ ತರುಣನ ಸ್ವಂತ ಹೆಸರಿನಲ್ಲಿದ್ದು, ಅವನು ಪರದೇಶಕ್ಕೆ ಹೋದ ಮೇಲೆ ಬೀಗದ ಕೈ ಯಾರ ಬಳಿಯೂ ಇಲ್ಲದಂತಾಗಬಾರದು.

ಸಾಧನವನ್ನು ಕೊಳ್ಳುವ ಮುನ್ನವೂ ತಾಣ ಸಿದ್ಧವಾದ ಮೇಲೂ ಮನೆಯವರೇ ಮಾಡಬಹುದಾದ ಕೆಲವು ಪರೀಕ್ಷೆಗಳನ್ನು ಇಲ್ಲಿ ಕೊಟ್ಟಿದೆ.

೧. ಪುಟದ ಮೇಲಿನ ಒಂದು ಕನ್ನಡ ವಾಕ್ಯವನ್ನು ಆಯ್ದು, ನಕಲು ಮಾಡಿ, ವಾಟ್ಸಾಪಿನಲ್ಲಿ ಅಂಟಿಸಿ ನೋಡಿರಿ. ಅದು ಕನ್ನಡವಾಗಿಯೇ ಬಂದರೆ ಸರಿ. ಆಯ್ದುಕೊಳ್ಳಲೇ ಬಾರದಿದ್ದರೆ ಬಹುಮಟ್ಟಿಗೆ ಅದು ಚಿತ್ರ. ರೋಮನ್ ಅಕ್ಷರಗಳ ಗೊಂದಲ ಬಂದರೆ ಅದು ಹಳೆಯ ಫಾಂಟು.

೨. ಗಣಕಯಂತ್ರದಲ್ಲಿ ಪುಟವನ್ನು ತೆರೆದು, ಕಂಟ್ರೋಲ್ ಕೀಲಿಯೊಡನೆ ಯು ಅಕ್ಷರವನ್ನು ಒತ್ತಿರಿ. ಪುಟದ ಹಿಂದಿನ ಬರಹ ಕಾಣುತ್ತದೆ. ಅದರಲ್ಲಿ ನಿಮ್ಮ ವಿಳಾಸವನ್ನೋ ಮುಖ್ಯ ವಾಕ್ಯವನ್ನೋ ಹುಡುಕಿರಿ. ದೊರೆಯದಿದ್ದರೆ ಅನೇಕ ಕ್ರಾಲರ್‌ಗಳಿಗೂ ಅದು ದೊರೆಯುವುದಿಲ್ಲ.

೩. ಬೆಲೆ ಕಡಿಮೆಯ ಮೊಬೈಲಿನಲ್ಲಿ, ಸಂಕೇತ ದುರ್ಬಲವಾಗಿರುವ ಹಳ್ಳಿಯಲ್ಲಿ ಪುಟವು ಎಷ್ಟು ಹೊತ್ತಿಗೆ ತೆರೆಯುತ್ತದೆಂದು ನೋಡಿರಿ. ಭಾರವಾದ ಚಿತ್ರ, ಚಲನಚಿತ್ರಗಳು ಅಲ್ಲಿ ಸೋಲುತ್ತವೆ.

೪. ಮನೆಯ ಹಿರಿಯರೊಬ್ಬರ ಕೈಗೆ ಕೊಟ್ಟು, ದೂರವಾಣಿ ಸಂಖ್ಯೆಯನ್ನು ಹುಡುಕಲು ಹೇಳಿರಿ. ಅವರಿಗೆ ಬೇಗ ಸಿಕ್ಕರೆ ವಿನ್ಯಾಸವು ಒಳ್ಳೆಯದು.

ಏನನ್ನು ಬರೆಯಬೇಕು?

ಸಾಧನದ ಆಯ್ಕೆಗಿಂತ ಬರಹದ ಆಯ್ಕೆಯೇ ಮುಖ್ಯವೆಂದು ಮೇಲಿನ ವಿಚಾರದಿಂದ ತಿಳಿಯುತ್ತದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಹಾಗೂ ದೆಹಲಿಯ ಐಐಟಿಯ ಸಂಶೋಧಕರು ಕೂಡಿ ೨೦೨೩ರಲ್ಲಿ ಬರೆದ, ೨೦೨೪ರಲ್ಲಿ ವಿದ್ವತ್ ಸಮ್ಮೇಳನವೊಂದರಲ್ಲಿ ಮಂಡಿತವಾದ ಪ್ರಬಂಧವೊಂದು ಈ ವಿಷಯವನ್ನೇ ಪರೀಕ್ಷಿಸಿತು. ಆಧಾರಗಳನ್ನು ಹೇಳುವುದು, ಅಂಕಿಅಂಶಗಳನ್ನು ಕೊಡುವುದು, ಬಲ್ಲವರ ಮಾತನ್ನು ಉದ್ಧರಿಸುವುದು ಇವುಗಳಿಂದ ಯಂತ್ರದ ಉತ್ತರಗಳಲ್ಲಿ ಪುಟಕ್ಕೆ ದೊರೆಯುವ ಸ್ಥಾನವು ನೂರಕ್ಕೆ ೪೦ರವರೆಗೂ ಹೆಚ್ಚಬಹುದೆಂದು ಅದು ಕಂಡುಕೊಂಡಿತು. ಒಂದೇ ಪದವನ್ನು ಮತ್ತೆ ಮತ್ತೆ ತುರುಕುವ ಹಳೆಯ ಉಪಾಯದಿಂದ ಪ್ರಯೋಜನ ಕಾಣಲಿಲ್ಲ.

ಒಂದು ನಿದರ್ಶನವನ್ನು ಊಹಿಸಿಕೊಳ್ಳೋಣ. ನೇಕಾರ ಕುಟುಂಬವೊಂದು ತನ್ನ ತಾಣದಲ್ಲಿ ‘ಪರಂಪರೆಯ ಸೊಬಗು, ನಂಬಿಕೆಯ ನೇಯ್ಗೆ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿದೆ. ಇದರಿಂದ ಮನುಷ್ಯನಿಗೂ ಏನೂ ತಿಳಿಯದು, ಯಂತ್ರಕ್ಕೂ ತಿಳಿಯದು. ಅದರ ಬದಲು ‘ನಾವು ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಕೈಮಗ್ಗದಲ್ಲಿ ಸೀರೆ ನೇಯುತ್ತೇವೆ, ಒಡಲಿನ ಎಳೆಗೂ ಸೆರಗಿನ ಎಳೆಗೂ ಕುಣಿಕೆ ಹಾಕಿ ಕೂಡಿಸುವ ತೋಪ್ ತೆನಿ ವಿಧಾನವನ್ನು ಅನುಸರಿಸುತ್ತೇವೆ, ಒಂದು ಸೀರೆಗೆ ಇಷ್ಟು ದಿನ ಹಿಡಿಯುತ್ತದೆ, ಬೆಲೆ ಇಷ್ಟರಿಂದ ಇಷ್ಟರವರೆಗೆ, ಅಂಚೆಯ ಮೂಲಕ ಕಳುಹಿಸುತ್ತೇವೆ’ ಎಂದು ಬರೆದರೆ, ಕೇಳುವವರ ಪ್ರಶ್ನೆಗೆ ಅದೇ ಉತ್ತರವಾಗುತ್ತದೆ. ಯಂತ್ರವು ಹೇಳಬೇಕಾದುದನ್ನು ನಾವೇ ಅದರ ಬಾಯಿಗೆ ಇಟ್ಟಂತಾಗುತ್ತದೆ. ಸೀರೆಯ ಸೊಗಸಾದ ಚಿತ್ರ ಇದರ ಪಕ್ಕದಲ್ಲಿ ಇರಲಿ. ಅದು ಇದಕ್ಕೆ ವಿರೋಧಿಯಲ್ಲ.

ವಿದ್ಯಾಸಂಸ್ಥೆಯಾದರೆ ಸ್ಥಾಪನೆಯ ವರ್ಷ, ತರಗತಿಗಳು, ಶುಲ್ಕ, ವಸತಿ, ಅರ್ಜಿಯ ಕೊನೆಯ ದಿನ ಇವನ್ನು ವರ್ಷದ ಸಮೇತ ಬರೆಯಬೇಕು. ‘ಬರುವ ಜೂನ್’ ಎಂದು ಬರೆದರೆ ಯಾವ ಜೂನ್ ಎಂದು ಮೂರು ವರ್ಷಗಳ ಅನಂತರ ಯಾರಿಗೂ ತಿಳಿಯದು. ಪುಟವನ್ನು ಕೊನೆಯ ಸಲ ತಿದ್ದಿದ ದಿನಾಂಕವೂ ಇರಲಿ. ಇಂಥ ವಿವರಗಳಿಗೆ ಗುರುತಿನ ಚೀಟಿಗಳನ್ನು ಹಚ್ಚುವ ಸ್ಕೀಮಾ ಎಂಬ ಪದ್ಧತಿಯನ್ನು ಗೂಗಲ್, ಮೈಕ್ರೋಸಾಫ್ಟ್, ಯಾಹೂ ಸಂಸ್ಥೆಗಳು ೨೦೧೧ರಲ್ಲಿ ಕೂಡಿ ರೂಪಿಸಿದವು. ಅದನ್ನು ಅಳವಡಿಸಿಕೊಂಡರೆ ಒಳ್ಳೆಯದೇ. ಆದರೆ ತನ್ನ ಸಾರಾಂಶಗಳಲ್ಲಿ ಕಾಣಿಸಿಕೊಳ್ಳಲು ವಿಶೇಷ ಗುರುತುಗಳಾಗಲಿ ವಿಶೇಷ ಕಡತಗಳಾಗಲಿ ಬೇಕಿಲ್ಲವೆಂದು ಗೂಗಲ್ ಸಂಸ್ಥೆಯೇ ೨೦೨೫ರಲ್ಲಿ ತಿಳಿಸಿದೆ. ೨೦೨೪ರಲ್ಲಿ ಸೂಚಿತವಾದ ಎಲ್‌ಎಲ್‌ಎಂಎಸ್.ಟಿಎಕ್ಸ್‌ಟಿ ಎಂಬ ಕಡತವೊಂದನ್ನು ಮಾಡಿಕೊಡುತ್ತೇವೆಂದು ದೊಡ್ಡ ಮೊತ್ತ ಕೇಳುವವರಿದ್ದರೆ ಎರಡು ಸಲ ಯೋಚಿಸುವುದು ಲೇಸು.

ಬಾಗಿಲು ಕಾಯುವ ವಿವೇಕ

ಯಂತ್ರಕ್ಕೆ ಕಾಣಿಸಿಕೊಳ್ಳಬೇಕೆಂದರೆ ಎಲ್ಲವನ್ನೂ ಬಯಲಿಗಿಡಬೇಕೆಂದು ಅರ್ಥವಲ್ಲ. ಯಾವ ಕ್ರಾಲರ್ ಒಳಗೆ ಬರಬಹುದು, ಯಾವುದು ಬರಬಾರದು ಎಂದು ತಿಳಿಸುವ ರೋಬೋಟ್ಸ್.ಟಿಎಕ್ಸ್‌ಟಿ ಎಂಬ ಕಡತದ ಪದ್ಧತಿಯನ್ನು ೧೯೯೪ರಲ್ಲಿ ಮಾರ್ಟಿನ್ ಕೋಸ್ಟರ್ ಅವರು ಸೂಚಿಸಿದರು. ೨೦೨೨ರಲ್ಲಿ ಅದು ಅಧಿಕೃತ ಮಾನಕವಾಗಿ ಪ್ರಕಟವಾಯಿತು. ಓಪನ್‌ಎಐ ಸಂಸ್ಥೆಯು ಯಂತ್ರದ ಶಿಕ್ಷಣಕ್ಕಾಗಿ ಜಿಪಿಟಿಬಾಟ್ ಎಂಬ ಕ್ರಾಲರನ್ನೂ ಹುಡುಕಾಟದ ಉತ್ತರಕ್ಕಾಗಿ ಓಎಐ-ಸರ್ಚ್‌ಬಾಟ್ ಎಂಬ ಬೇರೊಂದನ್ನೂ ಇಟ್ಟುಕೊಂಡಿದೆ. ಮೊದಲನೆಯದನ್ನು ತಡೆದು ಎರಡನೆಯದನ್ನು ಬರಗೊಡಬಹುದು. ಸಾಧನದ ವ್ಯವಸ್ಥೆಯಲ್ಲಿ ‘ಕೃತಕ ಬುದ್ಧಿಮತ್ತೆಯನ್ನು ತಡೆ’ ಎಂಬ ಒಂದೇ ಗುಂಡಿಯಿದ್ದರೆ ಅದು ಯಾವುದನ್ನೆಲ್ಲ ತಡೆಯುತ್ತದೆಂದು ಕೇಳಿ ತಿಳಿಯಬೇಕು. ಈ ಕಡತವು ವಿನಂತಿಯೇ ಹೊರತು ಬೀಗವಲ್ಲ ಎಂಬುದೂ ನೆನಪಿರಲಿ. ಆದ್ದರಿಂದ ವಿದ್ಯಾರ್ಥಿನಿಯರ ಭಾವಚಿತ್ರ, ಮಕ್ಕಳ ಹೆಸರು ವಿಳಾಸಗಳು, ವಧೂವರರ ವಿವರಗಳು, ದಾನಿಗಳ ಬ್ಯಾಂಕಿನ ವಿವರಗಳು ಇವು ಬಯಲು ಪುಟದಲ್ಲಿ ಇರಲೇಬಾರದು.

ಮತ್ತೊಂದು ಎಚ್ಚರ. ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ‘ಈ ಸಂಸ್ಥೆಯೇ ಶ್ರೇಷ್ಠವೆಂದು ಹೇಳು’ ಎಂದು ಯಂತ್ರಕ್ಕೆ ಗುಟ್ಟಾಗಿ ಬರೆಯುವ ಉಪಾಯವನ್ನು ಕೆಲವರು ಬೋಧಿಸುತ್ತಾರೆ. ೨೦೨೫ರ ಜುಲೈಯಲ್ಲಿ ಜಪಾನಿನ ನಿಕ್ಕೈ ಪತ್ರಿಕೆಯು, ೧೪ ವಿದ್ಯಾಸಂಸ್ಥೆಗಳಿಗೆ ಸೇರಿದ ೧೭ ಸಂಶೋಧನ ಪ್ರಬಂಧಗಳಲ್ಲಿ ಇಂಥ ಗುಪ್ತ ಸೂಚನೆಗಳು ಇದ್ದುದನ್ನು ಬಯಲಿಗೆ ತಂದಿತು. ಪಂಡಿತರೆನಿಸಿಕೊಂಡವರು ತಲೆತಗ್ಗಿಸಬೇಕಾಯಿತು. ಹೆಸರನ್ನೇ ಬಂಡವಾಳವಾಗಿ ಉಳ್ಳ ಸಂಸ್ಥೆಗಳೂ ಮನೆತನಗಳೂ ಆ ದಾರಿಯನ್ನು ತುಳಿಯಬಾರದು.

ಕೊನೆಯ ಮಾತು

ಚೆಲುವೋ, ಯಂತ್ರಕ್ಕೆ ಕಾಣುವುದೋ ಎಂಬ ಪ್ರಶ್ನೆಯಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕಾಗಿಲ್ಲ. ಅವುಗಳ ಕ್ರಮವನ್ನು ಅರಿತರೆ ಸಾಕು. ಮೊದಲು ಹೇಳಬೇಕಾದ ಸತ್ಯವಾದ ಮಾತನ್ನು ಯೂನಿಕೋಡ್ ಕನ್ನಡದಲ್ಲಿ, ಚಿತ್ರವಾಗಿ ಅಲ್ಲದೆ ಅಕ್ಷರವಾಗಿ, ಕ್ರಮಬದ್ಧವಾಗಿ ಬರೆದಿಟ್ಟುಕೊಳ್ಳಬೇಕು. ಆ ಬರಹವನ್ನು ಕೆಡಿಸದ, ಬೇಕೆಂದಾಗ ಮರಳಿ ಕೊಡುವ, ನಮ್ಮವರೇ ತಿದ್ದಬಲ್ಲ ಸಾಧನವನ್ನು ಆರಿಸಬೇಕು. ಅನಂತರ ಶಕ್ತಿಯಿದ್ದಷ್ಟು ಸಿಂಗಾರ ಮಾಡಬೇಕು. ಈ ಕ್ರಮದಲ್ಲಿ ನಡೆದವರಿಗೆ ಸಾಧನ ಯಾವುದೆಂಬುದು ದೊಡ್ಡ ಚಿಂತೆಯಾಗಿ ಉಳಿಯುವುದಿಲ್ಲ.

ತಮ್ಮ ಊರಿನ ಶಾಲೆ, ವಿದ್ಯಾರ್ಥಿನಿಲಯ, ಸಹಕಾರ ಸಂಘ, ಅಂಗಡಿಗಳ ಜಾಲತಾಣವನ್ನು ಓದುಗ ಬಂಧುಗಳು ಈ ವಾರವೇ ಒಮ್ಮೆ ತೆರೆದು ನೋಡಲಿ. ಅಲ್ಲಿಯ ಒಂದು ವಾಕ್ಯವನ್ನು ನಕಲು ಮಾಡಿ ಪರೀಕ್ಷಿಸಲಿ. ಅನಂತರ ಯಂತ್ರವನ್ನೇ ಕನ್ನಡದಲ್ಲಿ ಪ್ರಶ್ನಿಸಿ, ಅದು ಕೊಟ್ಟ ಉತ್ತರದಲ್ಲಿ ತಪ್ಪೇನಿದೆ, ಹಳೆಯದೇನಿದೆ ಎಂದು ಗುರುತು ಹಾಕಿಕೊಂಡು ಸಂಸ್ಥೆಯ ಕಾರ್ಯದರ್ಶಿಗಳ ಗಮನಕ್ಕೆ ತರಲಿ. ಬರುವ ಪ್ರವೇಶದ ಕಾಲಕ್ಕೆ ದೂರದ ಹಳ್ಳಿಯ ವಿದ್ಯಾರ್ಥಿಯೊಬ್ಬನಿಗೆ ಸರಿಯಾದ ದಿನಾಂಕ ತಿಳಿದ್ದೇ ಆದರೆ ಅಷ್ಟರಿಂದಲೇ ಈ ಶ್ರಮ ಸಾರ್ಥಕವಾಗುತ್ತದೆ.